ಕೆರುಗ್ ಕೂತ ದಿನ

"ಈ ಸಲ ನ್ಯೆಪಿ ದಿನ ನಾನು ಹೇಗೆ ಕೂರ್ತೀನಿ ಅಂದ್ರೆ, ಗುಡಿ ಬಾಗಿಲಲ್ಲಿ ಇದಾರಲ್ಲ ಕಲ್ಲಿನ ದ್ವಾರಪಾಲಕರು, ಅವರೂ ನನ್ನ ನೋಡಿ ನಾಚ್ಕೋಬೇಕು!"

ಕೆರುಗ್ ಈ ಭೀಷಣ ಪ್ರತಿಜ್ಞೆ ಮಾಡಿದಾಗ ಅವನ ಬಾಯಲ್ಲಿ ಮೂರು ಮೊಳೆ, ಕೈಯಲ್ಲಿ ಸುತ್ತಿಗೆ, ಕಂಕುಳಲ್ಲಿ ಭೂತದ ಎಡಗಿವಿ ಇತ್ತು. ಮೊಳೆ ಕಚ್ಚಿಕೊಂಡೂ ಮಾತು ಅಷ್ಟು ಸ್ಪಷ್ಟವಾಗಿ ಬಂತೆಂದರೆ ಆ ಬಾಯಿಗೆ ಎಷ್ಟು ಅಭ್ಯಾಸವಿರಬೇಕು ಎಂದು ನೀವೇ ಲೆಕ್ಕ ಹಾಕಿ.

ಹೆಂಡತಿ ರಸ್ಮಿನಿ ತಲೆ ಎತ್ತಲಿಲ್ಲ. ಎತ್ತುವುದಕ್ಕೆ ಪುರುಸೊತ್ತಿರಲಿಲ್ಲ. ಎಳೆ ತೆಂಗಿನ ಗರಿ ಸೀಳಿ, ಮಡಚಿ, ಬಿದಿರು ಕಡ್ಡಿ ಚುಚ್ಚಿ ಅವಳು ನೈವೇದ್ಯದ ಪುಟ್ಟ ಬುಟ್ಟಿಗಳನ್ನು ಹೆಣೆಯುತ್ತಿದ್ದಳು. ನಮ್ಮ ಕೇರಿಯ ಅರ್ಧ ಮನೆಗಳಿಗೆ ದಿನಾ ಬುಟ್ಟಿ ಹೋಗುವುದು ಅವಳ ಕೈಯಿಂದಲೇ. ದೇವರಿಗೆ ಭಾನುವಾರ ಎಂಬುದಿಲ್ಲ, ಹಾಗಾಗಿ ರಸ್ಮಿನಿಗೂ ಇಲ್ಲ.

"ಮೊದ್ಲು ಮೊಳೆ ಉಗೀರಿ. ನುಂಗಿಬಿಟ್ರೆ ಅದೂ ನನ್ನ ತಲೆ ಮೇಲೇ ಬರುತ್ತೆ" ಅಂದಳು.

"ನಂಬಿಕೆ ಇಲ್ವಾ ನಿನಗೆ?"

"ಹೋದ ವರ್ಷವೂ ಹೀಗೇ ಹೇಳಿದ್ರಿ."

ಹೋದ ವರ್ಷದ ಮಾತು ಎತ್ತಬಾರದಿತ್ತು. ನ್ಯೆಪಿ ಎಂದರೆ ಹೊಸ ವರ್ಷದ ಮೊದಲ ದಿನ. ಅಂದು ಬಾಲಿಯಲ್ಲಿ ಒಲೆ ಹೊತ್ತುವಂತಿಲ್ಲ, ದೀಪ ಉರಿಯುವಂತಿಲ್ಲ, ಕೆಲಸ ಮಾಡುವಂತಿಲ್ಲ, ಬೀದಿಗೆ ಕಾಲಿಡುವಂತಿಲ್ಲ, ಮೋಜು ಎಂಬುದಂತೂ ಇಲ್ಲವೇ ಇಲ್ಲ. ವಿಮಾನ ಕೂಡ ಹಾರುವುದಿಲ್ಲ. ಹಿಂದಿನ ಸಂಜೆ ಕಾಗದದ ಭೂತಗಳನ್ನು ಹೊತ್ತು ಗದ್ದಲ ಎಬ್ಬಿಸಿ, ನಿಜವಾದ ಭೂತಗಳನ್ನೂ ಬಡಿದೆಬ್ಬಿಸುತ್ತೇವೆ. ಮರುದಿನ ಅವು ಮೇಲಿನಿಂದ ಬಗ್ಗಿ ನೋಡಬೇಕು, ಇಲ್ಲಿ ಯಾರೂ ಇಲ್ಲ ಅಂದುಕೊಂಡು ಮುಂದೆ ಹೋಗಬೇಕು. ಇಡೀ ದ್ವೀಪವೇ ಉಸಿರು ಬಿಗಿಹಿಡಿದು ಕಣ್ಣಾಮುಚ್ಚಾಲೆ ಆಡುವ ದಿನ ಅದು.

ಕೆರುಗ್‌ನ ಕಾನೂನು ಮಾತ್ರ ಬೇರೆ. ಸದ್ದು ಬರದಿದ್ದರೆ ಅದು ಕೆಲಸವಲ್ಲ! ಈ ಕಾನೂನಿನ ಪ್ರಕಾರ ಅವನು ಹೋದ ವರ್ಷದ ನ್ಯೆಪಿಯಲ್ಲಿ ನೀರಿನ ಪಂಪು ಬಿಚ್ಚಿ ಹಾಕಿದ. ಇನ್ನೊಂದರಲ್ಲಿ ಸೂರಿನ ಹಂಚು ಸರಿಪಡಿಸಲು ಹತ್ತಿ, ಇಳಿಯಲಾಗದೆ ಸಂಜೆಯವರೆಗೂ ಮೇಲೇ ಇದ್ದ. ರಸ್ತೆ ಬದಿಯಲ್ಲಿ ಅವನದು ಬೈಕು ರಿಪೇರಿ ಅಂಗಡಿ. ವರ್ಷವಿಡೀ ಬಿಚ್ಚಿ ಜೋಡಿಸುವ ಆ ಕೈಗಳಿಗೆ ಸುಮ್ಮನಿರುವುದು ಗೊತ್ತೇ ಇಲ್ಲ. ಇದರಲ್ಲಿ ರಸ್ಮಿನಿಯ ಪಾಲಿಗೆ ಬರುವುದು ಅವನ ಒಂದೇ ಮಾತು: "ಲೇ, ಇದನ್ನ ಒಂಚೂರು ಹಿಡ್ಕೋ." ಆ ಒಂಚೂರಿಗೆ ಅವಳು ಎದ್ದರೆ ಮುಗಿಯಿತು, ಸೂರ್ಯ ಮುಳುಗುವವರೆಗೂ ಹಿಡಿದೇ ಇರಬೇಕು.

ಈ ಸಲ ಅವಳು ಗರಿ ಕೆಳಗಿಟ್ಟು ಗಂಡನ ಮುಖ ನೋಡಿದಳು.

"ಕೇಳಿ. ನನಗೆ ಒಡವೆ ಬೇಡ, ಬಟ್ಟೆ ಬೇಡ. ಆ ಒಂದು ದಿನ ನಾನು ಚಾಪೆ ಬಿಟ್ಟು ಏಳಬಾರದು, ಅಷ್ಟೇ. ನಿಮ್ಮಿಂದ ನಾನು ಎದ್ದೆ ಅಂದ್ರೆ, ಮರುದಿನ ಬೆಳಗ್ಗೆ ಸಿಂಗರಾಜದ ಬಸ್ ಹತ್ತಿ ಅಕ್ಕನ ಮನೆಗೆ ಹೋಗ್ತೀನಿ. ಹದಿನೈದು ದಿನ ಈ ಕಡೆ ತಲೆ ಹಾಕಲ್ಲ. ನೀವುಂಟು, ನಿಮ್ಮ ಅಂಗಡಿ ಉಂಟು, ನಿಮ್ಮ ಬಾತುಕೋಳಿ ಉಂಟು."

ಅವಳ ದನಿಯಲ್ಲಿ ಕೋಪವಿರಲಿಲ್ಲ, ಸುಸ್ತಿತ್ತು. ಕೋಪವಿದ್ದಿದ್ದರೆ ಕೆರುಗ್ ಅಷ್ಟು ಹೆದರುತ್ತಿರಲಿಲ್ಲ.

"ಏಳೋದೇ ಬೇಡ ನೀನು! ನಾನು ಮೌನ, ಉಪವಾಸ, ಎಲ್ಲಾ ಹಿಡೀತೀನಿ. ಮಗಳನ್ನ ಅಜ್ಜಿ ಮನೆಗೆ ಕಳಿಸೋಣ. ನೀನು ಚಾಪೆ ಮೇಲೆ ಮಹಾರಾಣಿ" ಅಂದ. ಅಂದವನು ತಕ್ಷಣ ಸೇರಿಸಿದ: "ಲೇ, ಈ ಕಿವಿ ಒಂಚೂರು ಹಿಡ್ಕೋ."

ಆ ಕಿವಿಯ ಭೂತದ ಬಗ್ಗೆ ಎರಡು ಮಾತು ಹೇಳಲೇಬೇಕು. ಮೆರವಣಿಗೆಗೆಂದು ನಮ್ಮ ಕೇರಿಯ ಹುಡುಗರು ಬಿದಿರು, ಕಾಗದದಲ್ಲಿ ಅದರ ಮೈ ಕಟ್ಟಿದರು. ತಲೆ ಮಾತ್ರ ಕೆರುಗ್‌ನ ಸ್ವಂತ ಸೃಷ್ಟಿ. ಭತ್ತದ ಬುಟ್ಟಿಯಷ್ಟು ಗಾತ್ರ, ಕೋರೆಹಲ್ಲು, ಕಣ್ಣಿಗೆ ಬೈಕಿನ ಹಿಂದಿನ ಕೆಂಪು ದೀಪ, ಗಂಟಲಿಗೆ ಗುಜರಿ ಸೇರಿದ ಬಸ್ಸೊಂದರ ಹಾರನ್ನು. ಇಷ್ಟಕ್ಕೆ ಬಿಟ್ಟಿದ್ದರೆ ಅವನು ಕೆರುಗ್ ಹೇಗಾದಾನು? ಹಾಲಿನ ಡಬ್ಬಿಯೊಂದರಲ್ಲಿ ಕಬ್ಬಿಣದ ಗುಂಡು ಹಾಕಿ ಒಂದು ಸ್ವಿಚ್ಚು ಮಾಡಿದ. ತಲೆ ಕೊಂಚ ಅಲುಗಿದರೆ ಸಾಕು, ಗುಂಡು ಉರುಳಿ ತಂತಿಗೆ ತಾಗುತ್ತದೆ, ಭೂತ ಕಣ್ಣು ಕೆರಳಿಸಿ ಗರ್ಜಿಸುತ್ತದೆ. ತಲೆ ಸುಮ್ಮನಾದರೆ ಅದೂ ಸುಮ್ಮನೆ. "ನೊಣ ಕೂತ್ರೂ ಕೂಗುತ್ತೆ ನನ್ನ ಭೂತ" ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳಿದ. ಬ್ಯಾಟರಿಯನ್ನು ತುರುಬಿನಲ್ಲಿ ಅಡಗಿಸಿ, ಮೇಲೆ ತಾಳೆ ನಾರಿನ ಕೂದಲು ಹೊಲಿಯುವ ಕೆಲಸವನ್ನು, ಇನ್ನಾರು, ರಸ್ಮಿನಿಗೇ ಹಚ್ಚಿದ.

ಮೆರವಣಿಗೆಯಲ್ಲಿ ಆ ತಲೆ ಹೆಸರು ಮಾಡಿತು. ಪಕ್ಕದ ಕೇರಿಯ ಮಕ್ಕಳು ಅತ್ತವು, ನಾಯಿಗಳು ಗದ್ದೆಗೆ ಓಡಿದವು, ಊರಿನ ದೊಡ್ಡವರೊಬ್ಬರು ಕೈಯಲ್ಲಿದ್ದ ಪಂಜನ್ನು ತಮ್ಮ ಕಾಲ ಮೇಲೇ ಬೀಳಿಸಿಕೊಂಡರು. ಕೆರುಗ್ ನೆಲದ ಮೇಲೆ ನಡೆಯುತ್ತಿರಲಿಲ್ಲ, ತೇಲುತ್ತಿದ್ದ.

ಮೆರವಣಿಗೆ ಮುಗಿದ ಮೇಲೆ ಭೂತವನ್ನು ಸ್ಮಶಾನದ ಬಳಿ ಸುಡುವುದು ಪದ್ಧತಿ. ಮನೆಗೆ ತಂದರೆ ಭೂತಕ್ಕೆ ಮನೆಯ ವಿಳಾಸ ಬರೆದುಕೊಟ್ಟಂತೆ. ಇದು ಕೆರುಗ್‌ಗೆ ಚೆನ್ನಾಗಿ ಗೊತ್ತು. ಆದರೆ ಮೂರು ತಿಂಗಳು ಮಗುವಂತೆ ಸಾಕಿದ ತಲೆಗೆ ಬೆಂಕಿ ಇಡಲು ಮನಸ್ಸು ಬರಲಿಲ್ಲ. ಹುಡುಗರು ಮೈಗೆ ಬೆಂಕಿ ಕೊಡುವ ಗಲಾಟೆಯಲ್ಲಿ ಇವನು ಮೆಲ್ಲನೆ ಬೋಲ್ಟು ಬಿಚ್ಚಿ, ತಲೆಯನ್ನು ಪಂಚೆಯಲ್ಲಿ ಸುತ್ತಿ, ದಾರಿಯುದ್ದಕ್ಕೂ ಅದರ ಹಾರನ್ನಿನ ಬಾಯಿಗೆ ಅಂಗೈ ಒತ್ತಿ ಹಿಡಿದು ಮನೆಗೆ ತಂದ. ಅಂಗಳದಲ್ಲಿ ಕಂಬಗಳ ಮೇಲೆ ನಿಂತ ಭತ್ತದ ಕಣಜಕ್ಕೆ ಏರಿಸಿ ಕದ ಹಾಕಿದ. ಬ್ಯಾಟರಿ ತೆಗೆಯಬೇಕೆಂಬುದು ಆ ಸಂಭ್ರಮದಲ್ಲಿ ನೆನಪಾಗಲಿಲ್ಲ.

ಬೆಳಗಾಯಿತು. ನ್ಯೆಪಿ.

ರಸ್ಮಿನಿ ಜಗಲಿಯ ಮೇಲೆ ಚಾಪೆ ಹಾಸಿ, ದಿಂಬಿಟ್ಟು, ಮಲಗಿಯೇ ಬಿಟ್ಟಳು. ಕೆರುಗ್ ಎದುರಿನ ಮೆಟ್ಟಿಲ ಮೇಲೆ ಪದ್ಮಾಸನ ಹಾಕಿ ಕೂತು ಅವಳನ್ನು ನೋಡಿದ. ಬಿಸಿಲಲ್ಲಿ ಅವಳು ಮಲಗಿದ್ದನ್ನು ಅವನು ಯಾವತ್ತೂ ನೋಡಿರಲಿಲ್ಲ. ಅವಳ ಅಂಗಾಲು ಇಷ್ಟು ಬಿರಿದಿದೆ ಎಂಬುದೂ ಅವನಿಗೆ ಗೊತ್ತಿರಲಿಲ್ಲ, ಅವು ಯಾವಾಗಲೂ ನೆಲದ ಮೇಲೇ ಇರುತ್ತಿದ್ದವು.

"ನನ್ನ ಮೌನ ಶುರುವಾಯ್ತು" ಅಂದ.

"ಹೂಂ."

"ಇನ್ನು ಮಾತಾಡಲ್ಲ."

"ಗೊತ್ತಾಗ್ತಿದೆ" ಎಂದಳು ರಸ್ಮಿನಿ ಕಣ್ಣು ಮುಚ್ಚಿಕೊಂಡೇ.

ಕೆರುಗ್ ಕೂತ. ಕೂತೇ ಕೂತ. ಸೂರಿನ ಹಂಚೊಂದು ಸೊಟ್ಟಗಿತ್ತು, ಅದನ್ನು ನೋಡಲಿಲ್ಲ. ನಲ್ಲಿ ತೊಟ್ಟಿಕ್ಕುತ್ತಿತ್ತು, ಅದನ್ನು ಕೇಳಲಿಲ್ಲ. ತನ್ನ ಸಂಯಮಕ್ಕೆ ತಾನೇ ತಲೆದೂಗುತ್ತಿರುವಾಗ ತಲೆ ನೆನಪಾಯಿತು. ಅದರ ಎಡಗಿವಿ ಮೆರವಣಿಗೆಯಲ್ಲಿ ಸ್ವಲ್ಪ ಬಾಗಿತ್ತಲ್ಲವೇ? ಮುಟ್ಟುವುದು ಬೇಡ. ಸುಮ್ಮನೆ ನೋಡುವುದಕ್ಕೇನು? ನೋಡುವುದು ಕೆಲಸವಲ್ಲ. ಹೀಗೆ ಹೊಸ ಕಾನೂನು ಪಾಸಾಯಿತು, ಕೆರುಗ್ ಎದ್ದ.

"ಎಲ್ಲಿಗೆ?"

"ಎಲ್ಲಿಗೂ ಇಲ್ಲ. ಕಾಲು ಜೋಮು ಹಿಡೀತು."

"ಕೂತು ಎಷ್ಟು ಹೊತ್ತಾಯ್ತು ಅಂತ ಜೋಮು?"

ಕೆರುಗ್ ಮೌನ ವ್ರತದಲ್ಲಿದ್ದುದರಿಂದ ಉತ್ತರ ಕೊಡಲಿಲ್ಲ. ಏಣಿ ಹತ್ತಿ, ಕದ ಸರಿಸಿದ. ಭೂತ ಕತ್ತಲಲ್ಲಿ ನಾಲಗೆ ಚಾಚಿ ಕೂತಿತ್ತು. ಎಡಗಿವಿ ನಿಜವಾಗಿಯೂ ಬಾಗಿತ್ತು. ಅವನ ಕೈ, ಅವನಿಗೆ ಹೇಳದೆ ಕೇಳದೆ, ಆ ಕಿವಿಯನ್ನು ನೆಟ್ಟಗೆ ಮಾಡಲು ಮುಂದೆ ಹೋಯಿತು.

ಭ್ರೋಂ...!

ನ್ಯೆಪಿ ದಿನ ನಮ್ಮ ಕೇರಿಯಲ್ಲಿ ಒಬ್ಬರು ಕೆಮ್ಮಿದರೆ ನಾಲ್ಕು ಮನೆಗೆ ಕೇಳುತ್ತದೆ. ಅಂಥ ನಿಶ್ಶಬ್ದದೊಳಗೆ ಬೆಟ್ಟದ ತಿರುವಿನಲ್ಲಿ ಬಾರಿಸುವ ಬಸ್ಸಿನ ಹಾರನ್ನು! ಕೆರುಗ್ ಬೆಚ್ಚಿ ಭೂತವನ್ನು ಎರಡೂ ಕೈಯಿಂದ ತಬ್ಬಿದ. ತಬ್ಬಿದ್ದರಿಂದ ಅದು ಇನ್ನಷ್ಟು ಅಲುಗಿತು, ಇನ್ನಷ್ಟು ಕೂಗಿತು. "ಶ್, ಸುಮ್ನಿರೋ, ನಿನ್ನ ಕಾಲಿಗೆ ಬೀಳ್ತೀನಿ" ಎಂದ, ಕಾಲೇ ಇಲ್ಲದ ಭೂತಕ್ಕೆ. ತಬ್ಬಿದ ಕೈ ತೆಗೆದ ಮೇಲೆ ಅದು ಗೊಣಗುತ್ತಾ ಸುಮ್ಮನಾಯಿತು.

ಜಗಲಿಯಿಂದ ಪಿಸುಮಾತು ಬಂತು. "ಏನ್ರೀ ಅದು?"

"ಏನಿಲ್ಲ. ಗಾಳಿ."

"ಗಾಳಿಗೆ ಕಣ್ಣು ಕೆಂಪಗಾಗುತ್ತಾ? ಕಣಜದ ಸಂದಿಯಿಂದ ಬೆಳಕು ಬಂತು."

ಕೆರುಗ್ ಮೆಲ್ಲನೆ ಕದ ಎಳೆದ. ಆಗ ರಸ್ಮಿನಿ ಅತ್ಯಂತ ಮೆಲ್ಲಗೆ ಕೇಳಿದಳು: "ನಾನು ಏಳಬೇಕಾ?"

ಕೆರುಗ್‌ಗೆ ಸಿಂಗರಾಜದ ಬಸ್ಸು ಕಣ್ಣೆದುರು ಬಂದು ನಿಂತಂತಾಯಿತು. "ಬೇಡ, ಬೇಡ, ಬೇಡ. ನೀನು ಮಲಕ್ಕೋ. ನಾನಿದ್ದೀನಲ್ಲ."

"ಅದೇ ಭಯ" ಅಂದಳು.

ಇದ್ದವನು ಮುಂದೇನು ಮಾಡಿದ? ಸದ್ದನ್ನು ಮುಚ್ಚಿಹಾಕಲು ಹೊರಟ. ಕೋಣೆಯ ಹಾಸಿಗೆ, ಮಗಳ ಹಾಸಿಗೆ, ಮನೆಯ ದಿಂಬುಗಳನ್ನೆಲ್ಲ ಹೊತ್ತು ತಂದು ಏಣಿ ಹತ್ತಿದ. ಕಣಜದ ಹಲಗೆ ನೆಲ ಅವನ ಹೆಜ್ಜೆಗೊಮ್ಮೆ ಅಲುಗಿತು, ಭೂತ ಹೆಜ್ಜೆಗೊಮ್ಮೆ ಭ್ರೋಂ ಅಂದಿತು. ಹಾಸಿಗೆಗಳನ್ನು ಅದರ ಮೇಲೆ ಒಟ್ಟಿ ತಾನೂ ಮೇಲೆ ಬಿದ್ದುಕೊಂಡ. ಈಗ ಸದ್ದು ಕಟ್ಟಿತು, ಆದರೆ ಕೋಣಕ್ಕೆ ಗಂಟಲು ಹಿಡಿದಂತೆ ಒಳಗೊಳಗೇ ನರಳಾಟ ಶುರುವಾಯಿತು. ಅದು ಮೊದಲಿನದಕ್ಕಿಂತ ಭಯಂಕರವಾಗಿತ್ತು.

ಒಂದು ದಿಂಬು ಜಾರಿತು. ದಿಂಬಿನ ಹಿಂದೆ ಹಾಸಿಗೆ, ಹಾಸಿಗೆಯ ಹಿಂದೆ ಕೆರುಗ್, ಎಲ್ಲರಿಗಿಂತ ಮುಂದೆ ಭೂತ. ಏಣಿಯ ಒಂದೊಂದು ಮೆಟ್ಟಿಲಿಗೂ ಅದು ಗರ್ಜಿಸುತ್ತಾ ಇಳಿದು, ಬಾತುಕೋಳಿ ಗೂಡಿನ ಬೇಲಿಗೆ ಬಡಿದು, ಬೇಲಿ ಮಲಗಿಸಿ, ಅಂಗಳದ ನಡುವೆ ಆಕಾಶ ನೋಡುತ್ತಾ ನಿಂತಿತು. ನ್ಯೆಪಿಯ ನಿಯಮಗಳನ್ನು ಯಾರೂ ಕಲಿಸಿರದ ಬಾತುಕೋಳಿಗಳು ಸಾಲಾಗಿ ಹೊರಬಂದು ಒಟ್ಟಿಗೇ ಬಾಯಿ ಮಾಡಿದವು. ಕೆರುಗ್ ಬರಿಗಾಲಲ್ಲಿ ಅವುಗಳ ಹಿಂದೆ ಸದ್ದಿಲ್ಲದೆ ಓಡಿದ. ಸದ್ದಿಲ್ಲದೆ ಓಡಿದ್ದು ಅವನೊಬ್ಬನೇ.

ಅವುಗಳಲ್ಲೊಂದು ಜಗಲಿ ಹತ್ತಿ ರಸ್ಮಿನಿಯ ಚಾಪೆಗೇ ಹೋಯಿತು. ಅವಳು ಕೊಂಚ ಸರಿದು ಜಾಗ ಕೊಟ್ಟಳು. ಅದು ಕಾಲು ಮಡಚಿ ಅವಳ ಸೊಂಟಕ್ಕೆ ಒರಗಿ ಕೂತಿತು.

"ನೋಡಿ, ಇದಕ್ಕಾದ್ರೂ ಕೂರೋಕೆ ಬರುತ್ತೆ" ಅಂದಳು.

ಉಳಿದವನ್ನು ಗೂಡಿಗೆ ತುಂಬಿ ಬೇಲಿ ಎತ್ತಿ ನಿಲ್ಲಿಸುವ ಹೊತ್ತಿಗೆ ಕೆರುಗ್‌ನ ಪಂಚೆ ಎರಡು ಕಡೆ ಹರಿದಿತ್ತು. ಅಂಗಳದ ನಡುವೆ ಭೂತ ಸುಮ್ಮನೆ ನಿಂತಿತ್ತು. ಅವನು ತುದಿಗಾಲಲ್ಲಿ ಹತ್ತಿರ ಹೋಗಿ ಒಂದು ಬೆರಳು ತಾಗಿಸಿದ. ಭ್ರೋಂ! ಕೈ ಹಿಂದೆ. ಇನ್ನೊಂದು ಕಡೆಯಿಂದ ತಾಗಿಸಿದ. ಭ್ರೋಂ! ನೊಣ ಕೂತರೂ ಕೂಗುತ್ತದೆ ಎಂಬುದು ಉತ್ಪ್ರೇಕ್ಷೆಯಲ್ಲ ಎಂದು ಅವನಿಗೆ ಈಗ ಖಾತ್ರಿಯಾಯಿತು.

"ಲೇ, ಬ್ಯಾಟರಿ ತೆಗೀಬೇಕು. ಇಕ್ಕಳ ಎಲ್ಲಿದೆ?"

"ಇವತ್ತು ನನಗೇನೂ ಗೊತ್ತಿಲ್ಲ."

"ಕೂದಲು ಹೊಲಿದೋಳು ನೀನೇ ಅಲ್ವೇನೇ? ಹೇಗೆ ಬಿಚ್ಚೋದು ಅಷ್ಟಾದ್ರೂ ಹೇಳು."

"ನಾಳೆ ಹೇಳ್ತೀನಿ. ಇವತ್ತು ನನಗೆ ರಜೆ." ಮತ್ತೆ ಅದೇ ಮೆಲ್ಲನೆಯ ಪ್ರಶ್ನೆ: "ಅಥವಾ, ಏಳಬೇಕಾ?"

"ಬೇಡ ಮಾರಾಯ್ತಿ!"

ಕೆರುಗ್ ಅಡುಗೆಮನೆಯ ಹಿಂದಿನ ಗೂಡಂಗಡಿಯಂಥ ತನ್ನ ಸಾಮಾನು ಕೋಣೆಗೆ ನುಗ್ಗಿದ. ದೀಪ ಹಚ್ಚುವಂತಿಲ್ಲ. ಕತ್ತಲಲ್ಲಿ ತಡಕಾಡಿ, ಹೆಬ್ಬೆರಳಿಗೆ ಗರಗಸ ತಾಗಿಸಿಕೊಂಡು, ಕೂಗಲೂ ಆಗದೆ ಬೆರಳು ಬಾಯಲ್ಲಿಟ್ಟುಕೊಂಡು, ಕೊನೆಗೂ ಇಕ್ಕಳ ಹಿಡಿದು ಬಂದ. ರಸ್ಮಿನಿ ಮಗ್ಗುಲು ಬದಲಿಸಿ ಮಲಗಿದ್ದಳು. ಬಾತುಕೋಳಿ ಚಾಪೆಯ ಮೇಲಿನ ಒಂದು ಕರಿ ನಾರನ್ನು ಎಳೆದಾಡುತ್ತಿತ್ತು.

ಈ ಸಲ ಅವನು ಅವಸರ ಮಾಡಲಿಲ್ಲ. ನೆಲದ ಮೇಲೆ ಚಕ್ಕಳಮಕ್ಕಳ ಕೂತ. ನಿದ್ದೆ ಹೋದ ಕೂಸನ್ನು ಎತ್ತುವಷ್ಟು ನಾಜೂಕಾಗಿ ಭೂತದ ತಲೆ ಎತ್ತಿದ, ಮಡಿಲಿಗೆ ಇಳಿಸಿದ. ಸದ್ದಿಲ್ಲ! ತನ್ನ ಕೈಚಳಕಕ್ಕೆ ಅವನಿಗೇ ಬೆರಗಾಯಿತು. ಆಹಾ, ಇಡೀ ದ್ವೀಪದಲ್ಲಿ ಇನ್ಯಾರಿಗಿದೆ ಇಂಥ ಕೈ ಎಂದುಕೊಳ್ಳುತ್ತಾ ತುರುಬಿನತ್ತ ಇಕ್ಕಳ ಒಯ್ಯುವಾಗ ಗೋಡೆಯ ಆಚೆ ಹೆಜ್ಜೆ ಸದ್ದು ಕೇಳಿತು.

ನ್ಯೆಪಿ ದಿನ ಬೀದಿಯಲ್ಲಿ ಕಾಣಬಹುದಾದವರು ಚೌಕಳಿ ಪಂಚೆ ಉಟ್ಟ ಕೇರಿಯ ಕಾವಲಿನವರು ಮಾತ್ರ. ಅಂದಿನ ಕಾವಲು ತುಸಾನ್‌ನದು. ಮೀಸೆ ದೊಡ್ಡದು, ಭಕ್ತಿ ಅದಕ್ಕಿಂತ ದೊಡ್ಡದು. ಸದ್ದಿನ ಜಾಡು ಹಿಡಿದು ಬಂದ ಅವನು ಗೋಡೆಯ ಮೇಲಿಂದ ಕತ್ತು ಚಾಚಿದ.

ಕೆರುಗ್ ಇಕ್ಕಳ ಬಿಟ್ಟು ಕಲ್ಲಾದ. ಮಡಿಲಲ್ಲಿದ್ದ ತಲೆ ಅವನ ಮುಖವನ್ನೂ ಎದೆಯನ್ನೂ ಪೂರ್ತಿ ಮುಚ್ಚಿತ್ತು. ಹಾಗಾಗಿ ತುಸಾನ್ ಕಂಡದ್ದು ಇಷ್ಟು: ಅಂಗಳದ ನಟ್ಟನಡುವೆ, ಬಿಸಿಲಲ್ಲಿ, ಕೋರೆಹಲ್ಲಿನ ಭೂತವೊಂದು ಚಕ್ಕಳಮಕ್ಕಳ ಹಾಕಿ ಧ್ಯಾನಕ್ಕೆ ಕೂತಿದೆ. ಪಕ್ಕದ ಜಗಲಿಯಲ್ಲಿ ರಸ್ಮಿನಿ ಬಾತುಕೋಳಿಯ ಜೊತೆ ನಿಶ್ಚಿಂತೆಯಿಂದ ಮಲಗಿದ್ದಾಳೆ.

"ರಸ್ಮಿನಿ... ರಸ್ಮಿನೀ..." ಗಂಟಲಲ್ಲೇ ಕರೆದ ತುಸಾನ್. "ಅದು... ಅಲ್ಲಿ..."

ರಸ್ಮಿನಿ ಕಣ್ಣು ತೆರೆದು ಭೂತವನ್ನು ನೋಡಿದಳು, ತುಸಾನ್‌ನನ್ನು ನೋಡಿದಳು, ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರು ಅಂದಳು. ತುಸಾನ್ ಎರಡೂ ಕೈ ಜೋಡಿಸಿ ಹಣೆಗೆ ಮುಟ್ಟಿಸಿ, ಹಿಂದೆ ಹಿಂದೆ ನಡೆಯುತ್ತಾ ಮರೆಯಾದ.

"ಹೋದ್ನಾ?" ಭೂತದ ಹಿಂದಿನಿಂದ ದನಿ ಬಂತು.

"ಹೋದ. ಮತ್ತೆ ಬರ್ತಾನೆ. ಈಗೇನಾದ್ರೂ ಅದು ಇನ್ನೊಂದು ಸಲ ಕೂಗಿತೋ, ಇಡೀ ಕೇರಿ ಬರುತ್ತೆ. ಸುಡಬೇಕಾದ ತಲೆ ಮನೆಗೆ ತಂದಿದ್ದು ಯಾಕೆ ಅಂತ ನಾಳೆ ಸಭೇಲಿ ನಿಂತು ನೀವೇ ಹೇಳಬೇಕು. ಆಗ ಹಿಡ್ಕೋ ಅಂದ್ರೂ ಹಿಡಿಯೋಕೆ ನಾನಿರಲ್ಲ, ಸಿಂಗರಾಜದಲ್ಲಿ ಇರ್ತೀನಿ."

"ಹಾಗಾದ್ರೆ ನಾನೀಗ ಏನು ಮಾಡ್ಲಿ?"

"ಏನೂ ಮಾಡ್ಬೇಡಿ."

ಹುಟ್ಟಿದಾಗಿನಿಂದ ಕೆರುಗ್‌ಗೆ ಯಾರೂ ಇಷ್ಟು ಕಷ್ಟದ ಕೆಲಸ ಹೇಳಿರಲಿಲ್ಲ.

"ಎಲ್ಲಿವರೆಗೆ?"

"ನಾಳೆ ಬೆಳಕು ಹರಿಯೋವರೆಗೆ. ನಿಮ್ಮದೇ ಸ್ವಿಚ್ಚಲ್ವಾ? ನೀವು ಕೂತ್ರೆ ಅದೂ ಕೂರುತ್ತೆ."

ಹೀಗೆ ಕೆರುಗ್ ಕೂತ. ಮೂಗು ತುರಿಸಿತು, ತುರಿಸಿಕೊಳ್ಳಲಿಲ್ಲ. ಇರುವೆಯೊಂದು ಮೊಣಕಾಲು ಹತ್ತಿ, ಸುತ್ತಾಡಿ, ಇಷ್ಟವಾಗದೆ ಇಳಿದು ಹೋಯಿತು. ಬೆನ್ನು ಬೈದಿತು, ಸೊಂಟ ಶಾಪ ಹಾಕಿತು. ಗೊಣಗಬೇಕೆನ್ನಿಸಿತು, ಗೊಣಗಿದರೆ ಹೊಟ್ಟೆ ಅಲುಗುತ್ತದೆ, ಹೊಟ್ಟೆ ಅಲುಗಿದರೆ ಭೂತ ಅಲುಗುತ್ತದೆ. ಉಪವಾಸದಿಂದಾಗಿ ಬಾಯಿಗೆ ಹನಿ ನೀರೂ ಬೀಳದಿದ್ದುದರಿಂದ, ನಡುವೆ ಎದ್ದು ಹೋಗಬೇಕಾದ ಆ ಒಂದು ಕಷ್ಟ ಮಾತ್ರ ಬರಲಿಲ್ಲ. ದೇವರು ದೊಡ್ಡವನು.

ಮೂಲೆಯ ಸಂಪಿಗೆ ಮರದ ನೆರಳು ನಿಧಾನವಾಗಿ ಅಂಗಳ ದಾಟಿ ಬಂದು ಅವನ ತಲೆಯನ್ನೂ ಭೂತದ ತಲೆಯನ್ನೂ ಒಟ್ಟಿಗೆ ಮುಚ್ಚಿತು. ನೆರಳು ನಡೆಯುತ್ತದೆ ಎಂದು ಅವನಿಗೆ ಗೊತ್ತಿತ್ತು. ನಡೆಯುವುದನ್ನು ನೋಡಿರಲಿಲ್ಲ.

ಭೂತದ ಕಿವಿಯ ಪಕ್ಕದಿಂದ ಅವನಿಗೆ ಜಗಲಿ ಕಾಣುತ್ತಿತ್ತು. ರಸ್ಮಿನಿಗೆ ಜೋರು ನಿದ್ದೆ. ಆದರೆ ಅವಳ ಬೆರಳುಗಳು ಮಲಗಿರಲಿಲ್ಲ. ನಿದ್ದೆಯಲ್ಲೂ ಅವು ಇಲ್ಲದ ಗರಿ ಸೀಳುತ್ತಿದ್ದವು, ಮಡಚುತ್ತಿದ್ದವು, ಕಡ್ಡಿ ಚುಚ್ಚುತ್ತಿದ್ದವು, ಬುಟ್ಟಿ ಪಕ್ಕಕ್ಕಿಟ್ಟು ಇನ್ನೊಂದನ್ನು ಶುರು ಮಾಡುತ್ತಿದ್ದವು. ಕೆರುಗ್ ಉಸಿರು ಹಿಡಿದು ನೋಡಿದ. ಇಷ್ಟು ವರ್ಷ ಪಕ್ಕದಲ್ಲೇ ಮಲಗಿದವನಿಗೆ ಇದು ಕಂಡಿರಲಿಲ್ಲ. ಬಹಳ ಹೊತ್ತಿನ ಮೇಲೆ ಆ ಬೆರಳುಗಳು ನಿಧಾನವಾದವು. ಕೊನೆಯ ಬುಟ್ಟಿಯನ್ನು ಅರ್ಧಕ್ಕೇ ಬಿಟ್ಟು ನಿಂತುಬಿಟ್ಟವು. ಅಂಗೈ ಬಿಚ್ಚಿಕೊಂಡಿತು. ಈಗ ಅಲುಗಬಾರದು ಎಂದು ಕೆರುಗ್‌ಗೆ ಅನ್ನಿಸಿದ್ದು ಭೂತದ ಭಯದಿಂದಲ್ಲ.

ಮೊದಲು ಅವನಿಗೆ ತನ್ನ ಉಸಿರು ಕೇಳಿಸಿತು. ಆಮೇಲೆ ಸಂಪಿಗೆ ಹೂವೊಂದು ನೆಲಕ್ಕೆ ಬಿದ್ದ ಸದ್ದು. ಆಮೇಲೆ ಗದ್ದೆಯ ಕಾಲುವೆಯಲ್ಲಿ ನೀರು ಹರಿಯುವುದು. ಅದರಾಚೆ ಇನ್ನೇನೋ ಇತ್ತು. ದೊಡ್ಡದು, ದೂರದ್ದು, ಬಂದು ಬಂದು ಹಿಂದೆ ಸರಿಯುವಂಥದ್ದು.

ರಸ್ಮಿನಿ ಎಚ್ಚರವಾಗಿ ಕಣ್ಣುಜ್ಜಿಕೊಂಡಾಗ ಅವನು ಪಿಸುಗುಟ್ಟಿದ: "ಯಾರೋ ದೂರದಲ್ಲಿ ಲಾರಿ ಓಡಿಸ್ತಿದಾರೆ ಕಣೇ. ನ್ಯೆಪಿ ದಿನ. ಎಂಥಾ ಜನ ನೋಡು."

ರಸ್ಮಿನಿ ಕಿವಿಗೊಟ್ಟಳು. "ಲಾರಿಯಲ್ಲ. ಸಮುದ್ರ."

"ಸಮುದ್ರಾನಾ? ನಮ್ಮ ಮನೇಗೆ ಕೇಳುತ್ತಾ?"

"ಪ್ರತಿ ನ್ಯೆಪಿಗೂ ಕೇ‍ಳುತ್ತೆ. ನೀವು ಸುತ್ತಿಗೆ ಕೆಳಗಿಟ್ಟ ಮೇಲೆ."

ಕೆರುಗ್ ಹುಟ್ಟಿದ್ದು ಇದೇ ಮನೆಯಲ್ಲಿ. ಅವನಪ್ಪ, ಅಜ್ಜ ಹುಟ್ಟಿದ್ದೂ ಇಲ್ಲೇ. ಸಮುದ್ರ ನೋಡಬೇಕೆಂದರೆ ಬೈಕು ಹತ್ತಿ ಹೋಗಬೇಕು ಎಂದಷ್ಟೇ ಅವನು ತಿಳಿದಿದ್ದ. ಅದು ಇಷ್ಟು ದಿನವೂ ಮನೆ ಬಾಗಿಲವರೆಗೆ ಬಂದು, ಇವನಿಗೆ ಪುರುಸೊತ್ತಿಲ್ಲದ್ದನ್ನು ಕಂಡು ವಾಪಸು ಹೋಗುತ್ತಿತ್ತು. ಅವನಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಬೆರಗಾಯಿತು.

ಸಂಜೆಯಾಯಿತು. ಒಂದು ಮನೆಯಲ್ಲೂ ದೀಪ ಹೊತ್ತಲಿಲ್ಲ, ಬೀದಿಯಲ್ಲೂ ಇಲ್ಲ, ದೂರದ ಪೇಟೆಯ ಕಡೆಯಲ್ಲೂ ಇಲ್ಲ. ಮೊದಲು ಒಂದು ನಕ್ಷತ್ರ ಬಂತು, ಆಮೇಲೆ ಹತ್ತಿಪ್ಪತ್ತು, ಆಮೇಲೆ ಎಣಿಸುವ ಮಾತೇ ಇಲ್ಲ. ಭತ್ತ ತೂರುವಾಗ ಕಣ ತುಂಬುವಂತೆ ಆಕಾಶ ತುಂಬಿತು. ಗುಡಿಯ ಗೋಪುರದ ಮೇಲೆ, ತೆಂಗಿನ ಸಂದಿಯಲ್ಲಿ, ಕೈ ಚಾಚಿದರೆ ಸಿಗುತ್ತದೆಯೋ ಎಂಬಷ್ಟು ಕೆಳಗೆ. ಭೂತ ಕೋರೆಹಲ್ಲು ತೆರೆದು ನೋಡುತ್ತಿತ್ತು, ಅದರ ಹಿಂದೆ ಕೆರುಗ್ ಬಾಯಿ ತೆರೆದು ನೋಡುತ್ತಿದ್ದ. ಅವನ ಮೌನ ವ್ರತ ನಿಜವಾಗಿ ಶುರುವಾದದ್ದು ಆಗ.

"ಚಳಿಯಾಗ್ತಿದೆಯಾ?" ರಸ್ಮಿನಿ ಕೇಳಿದಳು.

ಅವನು ತಲೆ ಅಲ್ಲಾಡಿಸಲಿಲ್ಲ, ಅಲ್ಲಾಡಿಸುವಂತಿರಲಿಲ್ಲ. ಹಾಗೇ ಕೂತಲ್ಲೇ, ಭೂತವನ್ನು ಮಡಿಲಲ್ಲಿಟ್ಟುಕೊಂಡೇ ನಿದ್ದೆ ಹೋದ.

ಎಚ್ಚರವಾದಾಗ ಕೋಳಿ ಕೂಗುತ್ತಿತ್ತು. ಎಲ್ಲೋ ಮೊದಲ ಬೈಕು ಸದ್ದು ಮಾಡಿತು. ರಸ್ಮಿನಿ ಒಲೆ ಹೊತ್ತಿಸಿ, ಕಾಫಿ ಕಾಸಿ, ಲೋಟವನ್ನು ಅವನೆದುರು ಇಟ್ಟಳು. ಅವಳ ಮುಖ ಹೊಸದಾಗಿ ತೊಳೆದಿಟ್ಟಂತಿತ್ತು.

"ಈಗ ಅಲುಗಾಡಬಹುದಾ?" ಕೆರುಗ್ ಕೇಳಿದ.

"ಧಾರಾಳವಾಗಿ."

ಅವನು ಕಣ್ಣು ಬಿಗಿಯಾಗಿ ಮುಚ್ಚಿ, ಗರ್ಜನೆಗೆ ಸಿದ್ಧನಾಗಿ, ಮೆಲ್ಲನೆ ಮಿಸುಕಿದ. ಏನೂ ಆಗಲಿಲ್ಲ. ತಲೆಯನ್ನು ಅಲುಗಿಸಿದ. ಕುಲುಕಿದ. ಒಳಗೆ ಗುಂಡು ಗಡಗಡ ಉರುಳಿತೇ ಹೊರತು ಭೂತ ಉಸಿರೆತ್ತಲಿಲ್ಲ.

"ಛೇ, ಬ್ಯಾಟರಿ ಮುಗಿದುಹೋಗಿದೆ" ಅಂದ.

ರಸ್ಮಿನಿ ದಿಂಬಿನ ಅಡಿಯಿಂದ ಬ್ಯಾಟರಿ ತೆಗೆದು ಕಾಫಿ ಲೋಟದ ಪಕ್ಕ ಇಟ್ಟಳು. "ಮುಗಿದಿಲ್ಲ. ಹೊಸದರ ಹಾಗೇ ಇದೆ."

ಕೆರುಗ್ ಬ್ಯಾಟರಿ ನೋಡಿದ, ಹೆಂಡತಿಯನ್ನು ನೋಡಿದ. "ಇದು... ಯಾವಾಗ?"

"ನೀವು ಇಕ್ಕಳ ಹುಡುಕೋಕೆ ಹೋದಿರಲ್ಲ, ಆಗ. ಅದು ಸುಮ್ಮನೆ ನಿಂತಿತ್ತು, ತಲೆ ಅಲುಗದ ಹಾಗೆ ಬಿಡಿಸಿದೆ. ಒಂದೆಳೆ ಎಳೆದ್ರೆ ಪೂರ್ತಿ ಬಿಚ್ಚಿಕೊಳ್ಳೋ ಹಾಗೇ ಹೊಲಿದಿದ್ದೆ ಕೂದಲನ್ನ. ಸುಡೋ ಹೊತ್ತಿಗೆ ನಿಮಗೆ ಮನಸ್ಸು ಬರಲ್ಲ, ತಲೆ ಮನೆಗೆ ಬಂದೇ ಬರುತ್ತೆ ಅಂತ ನನಗೆ ಮೊದಲೇ ಗೊತ್ತಿತ್ತು."

"ಅಂದ್ರೆ ನಿನ್ನೆ ಬೆಳಗಿನಿಂದ ನಾನು..."

"ಬರೀ ಕಾಗದದ ಬುಟ್ಟಿ ಇಟ್ಕೊಂಡು ಕೂತಿದ್ರಿ."

"ಹೇಳಬಾರದಿತ್ತೇನೇ?"

"ಹೇಳಿದ್ರೆ ಕೂರ್ತಿದ್ರಾ?"

ಕೆರುಗ್ ಕಾಫಿ ಕುಡಿದ. ಅರ್ಧ ಕುಡಿದ ಮೇಲೆ ಇನ್ನೊಂದು ವಿಷಯ ಹೊಳೆದು ಲೋಟ ಕೆಳಗಿಟ್ಟ.

"ಹಾಗಾದ್ರೆ ನೀನು ಚಾಪೆಯಿಂದ ಎದ್ದೆ. ನನ್ನಿಂದಾನೇ ಎದ್ದೆ. ಸಿಂಗರಾಜದ ಬಸ್ಸು?"

"ಬಟ್ಟೆ ಕಟ್ಟಿಟ್ಟಿದ್ದೆ" ಅಂದಳು ರಸ್ಮಿನಿ. "ಈಗ ಬಿಚ್ಚಿಟ್ಟೆ. ಒಂದೇ ಸಲ ಎದ್ದೆ, ಆಮೇಲೆ ಎಂಥಾ ನಿದ್ದೆ ಅಂತೀರಿ. ಇಲ್ಲೇ ಸಿಗೋದಾದ್ರೆ ಅಲ್ಲಿವರೆಗೆ ಯಾಕೆ ಹೋಗ್ಲಿ?"

ಬೀದಿ ಬಾಗಿಲಲ್ಲಿ ಕೆಮ್ಮು ಕೇಳಿತು. ಕೆರುಗ್ ಭೂತದ ಮೇಲೆ ಹಾಸಿಗೆ ಎಳೆದ. ನ್ಯೆಪಿಯ ಮರುದಿನ ಮನೆಮನೆಗೆ ಹೋಗಿ ತಪ್ಪಿದ್ದರೆ ಕ್ಷಮಿಸಿ ಎಂದು ಕೇಳುವುದು ನಮ್ಮಲ್ಲಿ ರೂಢಿ. ತುಸಾನ್ ಬಂದಿದ್ದ. ಕ್ಷಮೆ ಕೇಳಿ ಮುಗಿಸಿದವನು ಹೋಗದೆ, ಅಂಗಳದ ಆ ಜಾಗವನ್ನೇ ನೋಡುತ್ತಾ ನಿಂತ.

"ನಾನು ಯಾರಿಗೂ ಹೇಳಿಲ್ಲ ರಸ್ಮಿನಿ. ಹೇಳಿದ್ರೆ ನಂಬಲ್ಲ. ಮೂರು ಸಲ ಬಂದು ನೋಡಿದೆ ಕಣಮ್ಮ. ಕೂತಿದ್ದು ಕೂತ ಹಾಗೇ! ಒಂದು ರೆಪ್ಪೆ ಅಲುಗಲಿಲ್ಲ. ಈ ವಯಸ್ಸಿಗೆ ಎಷ್ಟು ನ್ಯೆಪಿ ಕಂಡಿದೀನಿ, ಅರ್ಚಕರು ಕೂತಿದ್ದನ್ನೂ ಕಂಡಿದೀನಿ. ಹಾಗೆ ಕೂತವರನ್ನ ಕಂಡಿಲ್ಲ. ಗುಡಿ ಬಾಗಿಲ ಕಲ್ಲಿನ ದ್ವಾರಪಾಲಕರು ಬಂದು ಪಾಠ ಕಲೀಬೇಕು."

ಕೆರುಗ್‌ನ ಮುಖ ಅರಳಿತು. ಎದೆ ಉಬ್ಬಿತು. ಹೊಗಳಿಕೆಯ ಒಂದೊಂದು ಮಾತೂ ತನ್ನದೇ. ಬಾಯಿ ತೆರೆದ. ನಾನೇ ಅದು ಎನ್ನಬೇಕಾದರೆ ತಲೆಯನ್ನು ಮನೆಗೆ ತಂದದ್ದನ್ನೂ ಹೇಳಬೇಕು. ಮುಚ್ಚಿದ. ಮತ್ತೆ ತೆರೆದ. ಮತ್ತೆ ಮುಚ್ಚಿದ.

ತುಸಾನ್ ಅವನತ್ತ ತಿರುಗಿ ಕನಿಕರದಿಂದ ತಲೆದೂಗಿದ. "ಭೂತಕ್ಕೇ ಕೂರೋಕೆ ಪುರುಸೊತ್ತು ಸಿಕ್ತು ನೋಡಯ್ಯ ಕೆರುಗ್. ನೀನೆಲ್ಲಿದ್ದೆ ಆವಾಗ?"

"ಒಳಗೆ ಇಕ್ಕಳ ಹುಡುಕ್ತಿದ್ರು" ಎಂದಳು ರಸ್ಮಿನಿ.

ಅಂದು ಸಂಜೆಯೇ ಕೆರುಗ್ ಯಾರಿಗೂ ಕಾಣದಂತೆ ತಲೆಯನ್ನು ಒಯ್ದು ಸ್ಮಶಾನದ ಬಳಿ ಸುಟ್ಟು ಬಂದ. ಕೂದಲು, ಕೋರೆಹಲ್ಲು, ಆ ಎಡಗಿವಿ, ಎಲ್ಲವೂ ಹೋಯಿತು. ಉಳಿದದ್ದು ಗುಂಡು ಹಾಕಿದ ಹಾಲಿನ ಡಬ್ಬಿಯೊಂದೇ. ಅದನ್ನು ರಸ್ಮಿನಿ ಮೊದಲೇ ಬಿಚ್ಚಿಸಿಕೊಂಡು ಗರಿಯ ಬುಟ್ಟಿಯಲ್ಲಿ ಇಟ್ಟುಕೊಂಡಿದ್ದಳು.

ಈಗಲೂ ಅವರ ಮನೆಯಲ್ಲಿ ಅಪರೂಪಕ್ಕೊಂದು ಮಧ್ಯಾಹ್ನ ಹೀಗಾಗುತ್ತದೆ. ಕೆರುಗ್ ಅಂಗಡಿಯಿಂದ ಊಟಕ್ಕೆ ಬಂದು, ಉಂಡು, ಎದ್ದು ಹೊರಡುವ ಹೊತ್ತಿಗೆ ರಸ್ಮಿನಿ ಗರಿ ಪಕ್ಕಕ್ಕೆ ಸರಿಸಿ ಆ ಡಬ್ಬಿ ತೆಗೆಯುತ್ತಾಳೆ. ಅದಕ್ಕೆ ತಂತಿಯಿಲ್ಲ, ಬ್ಯಾಟರಿಯಿಲ್ಲ, ಅಲುಗಿದರೆ ಕೂಗಲು ಭೂತವೂ ಇಲ್ಲ. ಇದು ಅವನಿಗೂ ಗೊತ್ತು.

"ರೀ, ಇದನ್ನ ಒಂಚೂರು ಹಿಡ್ಕೊಳ್ಳಿ" ಎಂದು ಅವನ ಅಂಗೈ ಮೇಲೆ ಡಬ್ಬಿ ಇಟ್ಟು, ಅವಳು ಚಾಪೆಯ ಮೇಲೆ ಕಾಲು ಚಾಚುತ್ತಾಳೆ. ಕೆರುಗ್ ಹಿಡಿದುಕೊಂಡು ಕೂರುತ್ತಾನೆ. ಅವಳ ಬೆರಳುಗಳು ನಿಲ್ಲುವವರೆಗೆ ಗುಂಡು ಸದ್ದು ಮಾಡುವುದಿಲ್ಲ.